‘ಆ ತಂದೆಯೂ ನಿಮ್ಮ ಥರಾನೇ ಇದ್ದರೆ ನನಗೆ ಬೇಡ’ ಎಂದ ಮಗ

ಪ್ರಶ್ನೆ: ನಾನು ಬೆಂಗಳೂರಿನ ಲಿಂಗರಾಜಪುರದವನು. ವಯಸ್ಸು 46. ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಕೆಲಸ. ಮೂರು ತಲೆಮಾರಿನಿಂದ ನಮ್ಮದು ಕ್ರೈಸ್ತ ಕುಟುಂಬ. ರಾತ್ರಿ ಒಂಬತ್ತರ ಕುಟುಂಬ ಪ್ರಾರ್ಥನೆಯನ್ನು ನಾನು ಯಾವತ್ತೂ ತಪ್ಪಿಸಿದವನಲ್ಲ. ಮಗನಿಗೆ 16, ಮೊದಲ ಪಿಯು ಮುಗಿಸಿದ್ದಾನೆ. ಮಗಳಿಗೆ 11. ಎರಡು ತಿಂಗಳ ಹಿಂದೆ ಪ್ರಾರ್ಥನೆಯ ಹೊತ್ತಿನಲ್ಲಿ ಮಗ ಮೊಬೈಲ್ ನೋಡುತ್ತಿದ್ದ. ಕೋಪ ಬಂದು ಕೆನ್ನೆಗೆ ಹೊಡೆದೆ. ‘ದೇವರು ತಂದೆ ಅಂತೀರಲ್ಲ, ಆ ತಂದೆಯೂ ನಿಮ್ಮ ಥರಾನೇ ಇದ್ದರೆ ನನಗೆ ಬೇಡ’ ಅಂದುಬಿಟ್ಟ. ಅವತ್ತಿನಿಂದ ಚರ್ಚಿಗೂ ಬರುತ್ತಿಲ್ಲ. ನನ್ನ ಅಪ್ಪ ನನಗೆ ಬೆಲ್ಟಿನಲ್ಲಿ ಹೊಡೆಯುತ್ತಿದ್ದರು. ಆದರೂ ನಾನು ದಾರಿ ತಪ್ಪಲಿಲ್ಲ. ಬೆತ್ತ ಹಿಡಿಯಬೇಕು ಅಂತ ಬೈಬಲಿನ ಜ್ಞಾನೋಕ್ತಿ ಪುಸ್ತಕದಲ್ಲೇ ಇದೆ ಎಂದು ನಮ್ಮ ಚರ್ಚ್ ಸಭೆಯ ಹಿರಿಯರು ಹೇಳುತ್ತಾರೆ. ಮಗನ ಮೇಲೆ ನನ್ನ ಪ್ರಭಾವ ಮುಗಿದೇ ಹೋಯಿತಾ? ಜೂನ್‌ನಲ್ಲಿ ದೃಢೀಕರಣದ ಕ್ಲಾಸ್, ಅಂದರೆ ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ಚರ್ಚ್ ವಿಧಿಯ ತಯಾರಿ, ಶುರುವಾಗುತ್ತದೆ. ಬಲವಂತ ಮಾಡಿಯಾದರೂ ಸೇರಿಸಲೇ?

ಉತ್ತರ: ಪ್ರಿಯ ಸಹೋದರರೇ, ಕರ್ತನ ಹೆಸರಿನಲ್ಲಿ ವಂದನೆಗಳು.

ಮೊದಲು ನಿಮ್ಮ ಮಗನ ಮಾತನ್ನೇ ನೋಡೋಣ. ನಿಮಗೆ ಅದು ದೇವದೂಷಣೆಯ ಥರ ಕೇಳಿಸಿರಬೇಕು. ಕುಟುಂಬಗಳ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ, ಹಾಗಾಗಿ ಈ ಮಾತನ್ನು ಬೇರೆ ಬೇರೆ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ನಿಮ್ಮ ಮಗ ದೇವರಿಲ್ಲ ಅಂದಿಲ್ಲ. ದೇವರನ್ನು ನೆನೆದರೆ ನಿಮ್ಮ ಮುಖ ಕಣ್ಣಮುಂದೆ ಬರುತ್ತದೆ ಅಂದಿದ್ದಾನೆ. ಇನ್ನು ನಿಮ್ಮ ಪ್ರಭಾವ ಮುಗಿಯುವುದು ಎಲ್ಲಿಂದ ಬಂತು? ಬೇಕಾದಷ್ಟಿದೆ. ಈಗ ಅದು ನೀವು ಬಯಸದ ಕಡೆಗೆ ಎಳೆಯುತ್ತಿದೆ.

ನಮ್ಮ ಮಕ್ಕಳು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಕೈ ಜೋಡಿಸಿ ಹೇಳಲು ಕಲಿಯುವುದು ಮೂರು ನಾಲ್ಕು ವರ್ಷದ ಹೊತ್ತಿಗೆ. ಅಷ್ಟರಲ್ಲಿ ತಂದೆ ಅಂದರೆ ಹೇಗಿರುತ್ತಾರೆ ಅಂತ ಅವರಿಗೆ ಗೊತ್ತಾಗಿಬಿಟ್ಟಿರುತ್ತದೆ. ಎತ್ತಿಕೊಳ್ಳುವ ಕೈಯೋ, ಗದರುವ ದನಿಯೋ, ಫೋನಿನಲ್ಲಿ ಮುಳುಗಿದ ಮುಖವೋ. ಪ್ರಾರ್ಥನೆಯ ಮಾತು ಆಮೇಲೆ ಬಂದು ಆ ಚಿತ್ರದ ಮೇಲೆ ಕೂರುತ್ತದೆ.

ಒಬ್ಬ ಹುಡುಗಿ ಹೇಳಿದ್ದನ್ನು ನಿಮಗೆ ಹೇಳಬೇಕು. ಸಂಜೆ ಅಪ್ಪ ಬಂದು ಹೆಲ್ಮೆಟ್ ಇಡುವ ಸದ್ದಿಗೆ ಅವಳು ಕಿವಿಗೊಟ್ಟು ಕೂತಿರುತ್ತಾಳಂತೆ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಮೆತ್ತಗೆ ಇಟ್ಟರೆ ಹೊರಗೆ ಬಂದು ಮಾತಾಡಿಸಬಹುದು. ಟಕ್ ಅಂತ ಇಟ್ಟರೆ ಪುಸ್ತಕ ತೆಗೆದು ಕೂರಬೇಕು, ತಮ್ಮನಿಗೂ ಕಣ್ಸನ್ನೆ ಮಾಡಬೇಕು. ಆ ಅಪ್ಪ ಸಭೆಯಲ್ಲಿ ಒಳ್ಳೆಯ ಹೆಸರಿದ್ದವರು. ಬೈಬಲ್ ವಚನಗಳೆಲ್ಲ ನಾಲಿಗೆ ತುದಿಯಲ್ಲೇ. ಮಕ್ಕಳಿಗೆ ಹೆಲ್ಮೆಟ್ಟೇ ಎಲ್ಲವನ್ನೂ ಹೇಳಿಬಿಡುತ್ತಿತ್ತು.

ಸತ್ಯವೇದ, ಅಂದರೆ ಬೈಬಲ್, ಈ ವಿಷಯದಲ್ಲಿ ಯಾರ ತಪ್ಪನ್ನೂ ಮುಚ್ಚಿಡುವುದಿಲ್ಲ. ಅಬ್ರಹಾಮನನ್ನೇ ನೋಡಿ. ನಂಬಿಕೆಯ ತಂದೆ ಅಂತ ಕರೆಯುತ್ತೇವೆ. ಬರಗಾಲದಲ್ಲಿ ಐಗುಪ್ತಕ್ಕೆ (ಈಜಿಪ್ಟ್‌ಗೆ) ಹೋದಾಗ ಜೀವಭಯಕ್ಕೆ ಹೆಂಡತಿಯನ್ನು ತಂಗಿ ಅಂತ ಹೇಳಿಕೊಂಡ. ಅದು ಆದಿಕಾಂಡ 12ನೇ ಅಧ್ಯಾಯ. ಗೆರಾರಿನಲ್ಲಿ ಮತ್ತೆ ಅದನ್ನೇ ಮಾಡಿದ, 20ನೇ ಅಧ್ಯಾಯ. ಆಗ ಅವನ ಮಗ ಇಸಾಕ ಇನ್ನೂ ಹುಟ್ಟಿರಲಿಲ್ಲ. ಈಗ 26ನೇ ಅಧ್ಯಾಯ ತೆಗೆಯಿರಿ. ಅದೇ ಗೆರಾರ್ ಊರು, ಅದೇ ಜೀವಭಯ. ಇಸಾಕ ಹೆಂಡತಿ ರೆಬೆಕ್ಕಳನ್ನು ತಂಗಿ ಅಂದ. ಅಪ್ಪ ಸುಳ್ಳು ಹೇಳಿದ್ದನ್ನು ಅವನು ಕಣ್ಣಾರೆ ಕಂಡಿದ್ದೂ ಇಲ್ಲ. ಭಯ ಬಂದಾಗ ಏನು ಮಾಡಬೇಕು ಅನ್ನುವುದು ಆ ಮನೆಯ ಗಾಳಿಯಲ್ಲೇ ಇದ್ದಿರಬೇಕು ಅಂತ ನನಗೆ ಅನಿಸುತ್ತದೆ.

ನಮ್ಮ ಮನೆಗಳಲ್ಲೂ ಇದೇ ನಡೆಯುತ್ತದೆ ಅಲ್ವಾ? ಮನೆಯಲ್ಲಿ ಶೂ ಹಾಕಿಕೊಳ್ಳುತ್ತಾ ‘ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ ಸರ್’ ಅಂತ ಫೋನಿನಲ್ಲಿ ಹೇಳುತ್ತೇವೆ. ಪಕ್ಕದಲ್ಲಿ ಮಗಳು ಟಿಫನ್ ಬಾಕ್ಸ್ ಹಿಡಿದು ನಿಂತಿರುತ್ತಾಳೆ. ಅದೇ ಭಾನುವಾರ ಅವಳು ಸಂಡೇ ಸ್ಕೂಲ್‌ನಲ್ಲಿ ಹತ್ತು ಆಜ್ಞೆಗಳನ್ನು ಬಾಯಿಪಾಠ ಒಪ್ಪಿಸುತ್ತಾಳೆ.

ಹಾಗಾದರೆ ಅಪ್ಪನ ನಂಬಿಕೆ ಮಕ್ಕಳಿಗೆ ದಾಟುವುದು ಹೇಗೆ? ವರ್ನ್ ಬೆಂಗ್ಟ್‌ಸನ್ ಅಂತ ಅಮೆರಿಕದ ಒಬ್ಬ ಸಮಾಜಶಾಸ್ತ್ರಜ್ಞರು ದಕ್ಷಿಣ ಕ್ಯಾಲಿಫೋರ್ನಿಯಾದ 350ಕ್ಕೂ ಹೆಚ್ಚು ಕುಟುಂಬಗಳನ್ನು 1970ರಿಂದ ಶುರುಮಾಡಿ ಸುಮಾರು 35 ವರ್ಷ ಅಧ್ಯಯನ ಮಾಡಿದರು. ಅಜ್ಜ, ಅಪ್ಪ, ಮಗ, ಮೊಮ್ಮಗ ಅಂತ ತಲೆಮಾರುಗಳ ಉದ್ದಕ್ಕೂ ನಂಬಿಕೆ ಎಲ್ಲಿ ಉಳಿಯಿತು, ಎಲ್ಲಿ ಕಡಿಯಿತು ಅಂತ ನೋಡಿದರು. ಅಪ್ಪ ಅಮ್ಮ ಭಕ್ತರಾಗಿದ್ದರೆ ಅಷ್ಟೇ ಸಾಲದು ಅನ್ನುವುದು ಅವರಿಗೆ ಕಂಡಿತು. ಮಕ್ಕಳಿಗೆ ಅವರ ಜೊತೆ, ಅದರಲ್ಲೂ ಅಪ್ಪನ ಜೊತೆ, ಆಪ್ತತೆ ಇದ್ದ ಮನೆಗಳಲ್ಲಿ ನಂಬಿಕೆ ಮುಂದಿನ ತಲೆಮಾರಿಗೆ ದಾಟಿದ್ದು ಜಾಸ್ತಿ. ಅಪ್ಪ ಭಕ್ತ, ಆದರೆ ಹತ್ತಿರ ಸೇರಿಸದವನು ಅನ್ನುವ ಮನೆಗಳಲ್ಲಿ ಮಕ್ಕಳು ದೂರ ಸರಿದದ್ದು ಹೆಚ್ಚು. ಅದು ಬೇರೆ ದೇಶ, ಬೇರೆ ಬದುಕು, ನಿಜ. ಆದರೆ ನಾನು ಇಲ್ಲಿ ಕಮ್ಮನಹಳ್ಳಿ, ಹೆಣ್ಣೂರು, ಕೊತ್ತನೂರಿನ ಮನೆಗಳಲ್ಲಿ ನೋಡುತ್ತಿರುವುದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಕಾಣುತ್ತಿಲ್ಲ.

ಇನ್ನು ಬೆತ್ತದ ವಿಷಯ. ಜ್ಞಾನೋಕ್ತಿ 13:24ರಲ್ಲಿ ಬೆತ್ತದ ಮಾತು ಇದೆ. ಇಲ್ಲ ಅನ್ನುವುದಿಲ್ಲ. ಆದರೆ ಆ ಪುಸ್ತಕವನ್ನು ಮೊದಲಿನಿಂದ ಓದಿ. ಒಂಬತ್ತು ಅಧ್ಯಾಯ ಪೂರ್ತಿ ಹೆಚ್ಚುಕಡಿಮೆ ಒಬ್ಬ ಅಪ್ಪ ಮಗನ ಜೊತೆ ಕೂತು ಮಾತಾಡುತ್ತಿದ್ದಾನೆ. ‘ಮಗನೇ, ಕೇಳು’ ಅನ್ನುತ್ತಾನೆ. ಕೆಟ್ಟ ಸಹವಾಸದ ಬಗ್ಗೆ, ದುಡ್ಡಿನ ಬಗ್ಗೆ, ಹೆಣ್ಣಿನ ಮೋಹದ ಬಗ್ಗೆ ಕಾರಣ ಕೊಟ್ಟು, ಚಿತ್ರ ಕಟ್ಟಿ ಹೇಳುತ್ತಾನೆ. ತಾನೂ ತನ್ನ ಅಪ್ಪನಿಗೆ ಮಗನಾಗಿದ್ದೆ ಅಂತ ನಾಲ್ಕನೇ ಅಧ್ಯಾಯದಲ್ಲಿ ನೆನೆಯುತ್ತಾನೆ. ಇಷ್ಟೆಲ್ಲ ಮಾತನ್ನು ಬಿಟ್ಟು ಬೆತ್ತದ ಒಂದು ವಚನವನ್ನು ಮಾತ್ರ ಹಿಡಿದುಕೊಳ್ಳುವುದು ನ್ಯಾಯವಲ್ಲ.

ಅಪೊಸ್ತಲ ಪೌಲನ ಮಾತನ್ನೂ ಅದರ ಪಕ್ಕದಲ್ಲೇ ಇಡಿ. ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಮೊದಲು ಮಕ್ಕಳಿಗೆ ಹೇಳುತ್ತಾನೆ, ತಂದೆತಾಯಿಗೆ ವಿಧೇಯರಾಗಿರಿ ಅಂತ. ಮರುಕ್ಷಣ ತಂದೆಯರ ಕಡೆ ತಿರುಗಿ, ಮಕ್ಕಳಿಗೆ ಕೋಪ ಬರಿಸಬೇಡಿ ಅನ್ನುತ್ತಾನೆ. ಕೊಲೊಸ್ಸೆ 3:21ರಲ್ಲಿ ಕಾರಣವನ್ನೂ ಕೊಡುತ್ತಾನೆ: ಅವರ ಮನಸ್ಸು ಕುಗ್ಗಿಹೋಗಬಾರದು. ಆ ಕಾಲ ಹೇಗಿತ್ತು ಅಂತ ಯೋಚಿಸಿ. ರೋಮನ್ ಕಾನೂನಿನಲ್ಲಿ ಮನೆಯ ಯಜಮಾನನಿಗೆ ಮಕ್ಕಳ ಮೇಲೆ ಜೀವ ತೆಗೆಯುವ ಅಧಿಕಾರವೂ ಇತ್ತು. ಹುಟ್ಟಿದ ಕೂಸು ಬೇಡ ಅಂದರೆ ಹೊರಗೆ ಬಿಸಾಡಿಸಬಹುದಿತ್ತು. ಅಂಥ ಸಾಮ್ರಾಜ್ಯದಲ್ಲಿ ಈ ಪತ್ರ ಸಭೆಯ ಮುಂದೆ ಓದಿಸಿಕೊಂಡಿತು. ಅಪ್ಪಂದಿರೂ ಮಕ್ಕಳೂ ಒಂದೇ ಕಡೆ ಕೂತು ಕೇಳಿದರು. ಅಪ್ಪನ ಕೋಪಕ್ಕೂ ಒಂದು ಮೇರೆ ಇದೆ ಅಂತ ಮಕ್ಕಳು ದೇವರ ಸನ್ನಿಧಿಯಲ್ಲೇ ಕೇಳಿಸಿಕೊಂಡರು. ಆ ಸಭೆಯಲ್ಲಿ ಕೂತ ಒಂದು ಮಗುವಿಗೆ ಅವತ್ತು ಹೇಗನಿಸಿರಬಹುದು! ಇವತ್ತು ನಮ್ಮ ದೇಶದಲ್ಲಿ ಶಾಲೆಯ ಮೇಷ್ಟ್ರು ಬೆತ್ತ ಎತ್ತುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯಲ್ಲಿ, ಅದೂ ಪ್ರಾರ್ಥನೆಯ ಹೊತ್ತಿನಲ್ಲಿ, ಹದಿನಾರರ ಹುಡುಗನ ಕೆನ್ನೆಗೆ ಹೊಡೆಯುವುದನ್ನು ಯಾವ ವಚನ ತೋರಿಸಿಯೂ ಸರಿ ಅನ್ನಲು ನನ್ನಿಂದ ಆಗದು.

ಹಾಗಂತ ಶಿಸ್ತೇ ಬೇಡ ಅಂತಲೂ ಅಲ್ಲ. ಯಾಜಕನಾದ ಏಲಿ ತನ್ನ ಇಬ್ಬರು ಮಕ್ಕಳು ಕೆಟ್ಟದ್ದು ಮಾಡುತ್ತಿದ್ದರೂ ಬಾಯಿಮಾತಿಗೆ ಗದರಿ ಸುಮ್ಮನಾದ. ತಡೆಯಲಿಲ್ಲ ಅಂತ ದೇವರೇ ಅವನ ಮೇಲೆ ತಪ್ಪು ಹೊರಿಸಿದರು. ಪ್ರಾರ್ಥನೆಯ ಹೊತ್ತಿನಲ್ಲಿ ಯಾರ ಕೈಯಲ್ಲೂ ಮೊಬೈಲ್ ಬೇಡ ಅನ್ನುವ ನಿಯಮ ಸರಿಯಾದದ್ದೇ. ಅದು ನಿಮ್ಮ ಆಫೀಸಿನ ಕಾಲ್‌ಗೂ ಅನ್ವಯಿಸಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಅಪ್ಪನ ಬೆಲ್ಟಿನ ಮಾತು. ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನೀವು ದಾರಿ ತಪ್ಪಲಿಲ್ಲ, ಸರಿ. ಬೆಲ್ಟಿನಿಂದಾಗಿ ತಪ್ಪಲಿಲ್ಲವೋ, ಬೆಲ್ಟು ಇದ್ದರೂ ತಪ್ಪಲಿಲ್ಲವೋ? ಯೋಚಿಸಿ ನೋಡಿ. ನಿಮ್ಮನ್ನು ಯಾರೋ ಹಿಡಿದುಕೊಂಡಿದ್ದರು. ಅಮ್ಮ ಇರಬಹುದು, ಅಜ್ಜಿ ಇರಬಹುದು, ಸಂಡೇ ಸ್ಕೂಲ್ ಟೀಚರ್ ಇರಬಹುದು. ಪೌಲನ ಶಿಷ್ಯ ತಿಮೊಥೆಯನ ನಂಬಿಕೆಯ ಬೇರು ಅವನ ಅಜ್ಜಿ ಮತ್ತು ಅಮ್ಮನಲ್ಲಿತ್ತು ಅಂತ ಪೌಲ ಬರೆಯುತ್ತಾನೆ. ಅವನ ಅಪ್ಪ ಗ್ರೀಕನೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ, ಅಪ್ಪನ ನಂಬಿಕೆಯ ಬಗ್ಗೆ ಒಂದು ಮಾತೂ ಇಲ್ಲ. ಆ ಹುಡುಗನನ್ನು ಪೌಲ ‘ನನ್ನ ಮಗ’ ಅಂತ ಕರೆದ. ದೇವರು ಹೀಗೆ ಬೇರೆಯವರ ಮೂಲಕವೂ ತಂದೆತನವನ್ನು ಕೊಡುತ್ತಾರೆ. ನಿಮ್ಮ ಅಪ್ಪ ಮಾಡಿದ್ದನ್ನು ತಪ್ಪು ಅಂತ ಒಪ್ಪಿಕೊಂಡರೆ ಅವರಿಗೆ ಅವಮಾನ ಮಾಡಿದ ಹಾಗಾಗುವುದಿಲ್ಲ. ಅವರನ್ನು ಗೌರವಿಸಿ. ಬೆಲ್ಟನ್ನು ಮಾತ್ರ ಮುಂದಕ್ಕೆ ದಾಟಿಸಬೇಡಿ. ನಿಮ್ಮೊಳಗೆ ಈಗಲೂ ಬೆನ್ನು ಮುದುರಿಕೊಂಡು ನಿಂತ ಹುಡುಗನಿದ್ದರೆ, ಅವನಿಗಾಗಿ 103ನೇ ಕೀರ್ತನೆ ಓದಿ. ತಂದೆ ಮಕ್ಕಳನ್ನು ಕನಿಕರಿಸುವ ಹಾಗೆ ದೇವರು ಕನಿಕರಿಸುತ್ತಾರೆ, ನಾವು ಮಣ್ಣಿನವರು ಅಂತ ಅವರಿಗೆ ನೆನಪಿದೆ ಅಂತ ಅಲ್ಲಿದೆ. ಅದನ್ನು ಮೊದಲು ನೀವು ಮಗನಾಗಿ ಓದಬೇಕು.

ಆ ರಾತ್ರಿ ಕಳೆದ ಮೇಲೆ ಮಗನ ಜೊತೆ ಏನು ಮಾತಾಡಿದಿರಿ ಅಂತ ನೀವು ಬರೆದಿಲ್ಲ. ಬಹುಶಃ ಏನೂ ಮಾತಾಡಿಲ್ಲ. ‘ಊಟ ಆಯ್ತಾ’, ‘ಫೀಸ್ ಕಟ್ಟಿದೀಯಾ’ ಅಷ್ಟೇ ಇರಬೇಕು. ನನಗೆ ಕೆನ್ನೆಯ ಏಟಿಗಿಂತ ಈ ಎರಡು ತಿಂಗಳು ಹೆಚ್ಚು ಭಯ ತರುತ್ತದೆ.

ಬೈಬಲಿನ ಅರಸ ದಾವೀದನ ಮನೆಯಲ್ಲಿ ಏನಾಯಿತು ನೋಡಿ. ದೊಡ್ಡ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳ ಮೇಲೆ ಅತ್ಯಾಚಾರ ಮಾಡಿದ. ದಾವೀದನಿಗೆ ಸಿಟ್ಟು ಬಂತು ಅಂತ ಇದೆ, ಏನಾದರೂ ಮಾಡಿದ ಅಂತ ಇಲ್ಲ. ತಾಮಾರಳ ಅಣ್ಣ ಅಬ್ಷಾಲೋಮ ಎರಡು ವರ್ಷ ಒಳಗೇ ಕುದ್ದು ಅಮ್ನೋನನನ್ನು ಕೊಲ್ಲಿಸಿ ಗೆಷೂರಿಗೆ ಓಡಿಹೋದ. ಅಲ್ಲಿ ಮೂರು ವರ್ಷ ಇದ್ದ. ಅಪ್ಪನಿಗೆ ಮಗನ ಮೇಲೆ ಜೀವ, ಆದರೆ ಕರೆಸಲಿಲ್ಲ. ಬೇರೆಯವರು ಹೇಳಿದ ಮೇಲೆ ಕರೆಸಿದ. ಕರೆಸಿಯೂ, ನನ್ನ ಮುಖ ನೋಡಕೂಡದು ಅಂದ. ಒಂದೇ ಊರು, ಯೆರೂಸಲೇಮ್. ಅಪ್ಪ ಒಂದು ಮನೆ, ಮಗ ಒಂದು ಮನೆ. ಎರಡು ವರ್ಷ ಮುಖ ನೋಡಲಿಲ್ಲ. ಕೊನೆಗೆ ಭೇಟಿಯಾದಾಗ ದಾವೀದ ಮುದ್ದಿಟ್ಟ. ಅಲ್ಲಿ ಒಂದೇ ಒಂದು ಮಾತು ಆಡಿದ್ದೂ ಬರೆದಿಲ್ಲ. ಆಮೇಲೆ ಅಬ್ಷಾಲೋಮ ಏನು ಮಾಡಿದ? ಊರ ಬಾಗಿಲಲ್ಲಿ ನಿಂತು, ದೂರು ತಂದವರನ್ನೆಲ್ಲ ಕರೆದು, ನಿಮ್ಮ ಅಹವಾಲು ಕೇಳುವವರು ಅರಮನೆಯಲ್ಲಿ ಯಾರೂ ಇಲ್ಲ ಅಂದ. ಜನರ ಮನಸ್ಸು ಕದ್ದ, ದಂಗೆ ಎದ್ದ. ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವನು ಜನರ ಮುಂದೆ ಹೇಳಿಕೊಂಡದ್ದು ತನ್ನ ನೋವನ್ನೇ. ಮಗ ಸತ್ತ ಸುದ್ದಿ ಬಂದ ಮೇಲೆ ದಾವೀದ ‘ನನ್ನ ಮಗನೇ, ಅಬ್ಷಾಲೋಮನೇ’ ಅಂತ ಅತ್ತ. ನಿನ್ನ ಬದಲು ನಾನು ಸತ್ತಿದ್ದರೆ ಆಗುತ್ತಿತ್ತು ಅಂದ. ಅಷ್ಟು ಪ್ರೀತಿ ಎದೆಯಲ್ಲಿತ್ತು. ಬದುಕಿದ್ದಾಗ ಅದು ಮಗನ ಕಿವಿಗೆ ಬೀಳಲಿಲ್ಲ.

ನಿಮ್ಮ ಮಗ ಪಕ್ಕದ ರೂಮಿನಲ್ಲಿದ್ದಾನೆ. ಹೋಗಿ ಮಾತಾಡಿ. ಮೊದಲು ಕ್ಷಮೆ ಕೇಳಿ. ಹೆಂಡತಿಯ ಕೈಲಿ ಹೇಳಿಸಬೇಡಿ, ವಾಟ್ಸಾಪ್‌ನಲ್ಲಿ ವಚನ ಕಳಿಸಬೇಡಿ. ಬಾಗಿಲು ತಟ್ಟಿ ಒಳಗೆ ಹೋಗಿ ಕೂತುಕೊಳ್ಳಿ. ‘ಮಗಾ, ಅವತ್ತು ನಿನ್ನ ಮೇಲೆ ಕೈ ಮಾಡಿದೆ. ಅದು ತಪ್ಪು. ನನ್ನನ್ನು ಕ್ಷಮಿಸು. ಇನ್ನು ಮೇಲೆ ಹೊಡೆಯುವುದಿಲ್ಲ.’ ಇಷ್ಟು ಸಾಕು. ‘ಆದರೆ ನೀನೂ ಮೊಬೈಲ್…’ ಅಂತ ನಾಲಿಗೆ ತುದಿಗೆ ಬರುತ್ತದೆ. ನುಂಗಿಕೊಳ್ಳಿ. ಅವನು ಏನೂ ಹೇಳದಿರಬಹುದು, ಹೆಡ್‌ಫೋನ್ ಹಾಕಿಕೊಳ್ಳಬಹುದು, ‘ಸರಿ’ ಅಂತ ಗೋಡೆ ಕಡೆ ತಿರುಗಬಹುದು. ಪರವಾಗಿಲ್ಲ. ಎದ್ದು ಬನ್ನಿ. ಪಶ್ಚಾತ್ತಾಪದ ಬಗ್ಗೆ ಚಿಕ್ಕಂದಿನಿಂದ ಎಷ್ಟೋ ಪ್ರಸಂಗ ಕೇಳಿದ್ದಾನೆ ಅವನು. ಒಬ್ಬ ದೊಡ್ಡ ಮನುಷ್ಯ ಅದನ್ನು ಮಾಡುವುದನ್ನು ಹತ್ತಿರದಿಂದ ನೋಡಿರಲಾರ. ಮಗಳಿಗೂ ಇದು ತಿಳಿಯಲಿ. ಆ ರಾತ್ರಿ ಅವಳೂ ಅಲ್ಲೇ ಕೂತಿದ್ದಳಲ್ಲ. ಅಪ್ಪ ತಪ್ಪು ಒಪ್ಪಿಕೊಂಡರು ಅನ್ನುವುದನ್ನೂ ಅವಳು ನೋಡಬೇಕು.

ಕುಟುಂಬ ಪ್ರಾರ್ಥನೆ ನಿಲ್ಲಿಸಬೇಡಿ, ಚಿಕ್ಕದು ಮಾಡಿ. ಹತ್ತು ನಿಮಿಷ ಸಾಕು. ಒಂದು ದಿನ ನಿಮ್ಮ ಹೆಂಡತಿ ಓದಲಿ, ಇನ್ನೊಂದು ದಿನ ಮಗಳು ಹಾಡು ಆರಿಸಲಿ. ಮಗ ಬಂದರೆ ಬರಲಿ, ಬರದಿದ್ದರೆ ಅವನ ಹೆಸರು ಹೇಳಿ ಅವನನ್ನು ತಿವಿಯುವ ಪ್ರಾರ್ಥನೆ ಮಾತ್ರ ಬೇಡ. ‘ದೇವರೇ, ಈ ಮನೆಯಲ್ಲಿ ದಾರಿ ತಪ್ಪಿದವರನ್ನು…’ ಅಂತ ಗಟ್ಟಿಯಾಗಿ ಶುರುವಾಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಮಕ್ಕಳಿಗೆ ಅದು ಬೈಗುಳವೆಂದು ಚೆನ್ನಾಗಿ ಗೊತ್ತಾಗುತ್ತದೆ.

ಧರ್ಮೋಪದೇಶಕಾಂಡ 6ರಲ್ಲಿ ದೇವರ ಮಾತನ್ನು ಮಕ್ಕಳ ಜೊತೆ ಮಾತಾಡಬೇಕಾದ ಹೊತ್ತುಗಳ ಪಟ್ಟಿಯೇ ಇದೆ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಬೆಳಿಗ್ಗೆ ಏಳಕ್ಕೆ ಬಿಟ್ಟು ರಾತ್ರಿ ಎಂಟೂವರೆಗೆ ಮನೆ ಸೇರುವ ಬೆಂಗಳೂರಿನ ಅಪ್ಪನಿಗೆ ಉಳಿದಿರುವುದು ದಾರಿಯೇ. ಟ್ಯೂಷನ್‌ಗೆ ಬಿಡುವಾಗ, ಶನಿವಾರ ತರಕಾರಿ ತರಲು ಹೋದಾಗ ಅವನನ್ನು ಜೊತೆಗೆ ಕರೆಯಿರಿ. ಗಾಡಿಯಲ್ಲಿ ಇಬ್ಬರೂ ಮುಂದೆ ನೋಡುತ್ತಿರುತ್ತೀರಿ. ಹದಿನಾರರ ಹುಡುಗರು ಕಣ್ಣಲ್ಲಿ ಕಣ್ಣಿಟ್ಟು ಹೇಳಲಾಗದ್ದನ್ನು ಹೀಗೆ ಹೇಳುತ್ತಾರೆ. ಸಿಇಟಿ, ಮಾರ್ಕ್ಸು, ಪಕ್ಕದ ಮನೆ ಹುಡುಗನ ರ‍್ಯಾಂಕು ಬೇಡ. ಚರ್ಚ್ ವಿಷಯವನ್ನೂ ನೀವಾಗಿ ಎತ್ತಬೇಡಿ. ಅವನೇ ‘ದೇವರಿದ್ದರೆ ಹೀಗ್ಯಾಕೆ’ ಅಂತ ಕೇಳಿದರೆ, ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಮಾರ್ಕನ 9ನೇ ಅಧ್ಯಾಯದಲ್ಲಿ ರೋಗಿ ಮಗನನ್ನು ಕರೆತಂದ ಅಪ್ಪ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಕೂಗಿದ. ಯೇಸು ಸ್ವಾಮಿ ಅವನನ್ನು ಹಿಂದಕ್ಕೆ ಕಳಿಸಲಿಲ್ಲ.

ಇನ್ನೊಂದು ಮಾತು. ಯೇಸು ದೀಕ್ಷಾಸ್ನಾನ ಹೊಂದಿದಾಗ ಪರಲೋಕದಿಂದ ಧ್ವನಿ ಬಂತು: ನೀನು ನನ್ನ ಪ್ರಿಯ ಮಗ, ನಿನ್ನನ್ನು ಮೆಚ್ಚಿದ್ದೇನೆ. ಮಾರ್ಕನ ಮೊದಲ ಅಧ್ಯಾಯ ಅದು. ಆಗ ಅವರು ಇನ್ನೂ ಒಂದು ಪ್ರಸಂಗ ಮಾಡಿರಲಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ. ನಾವು ರಿಸಲ್ಟ್ ಬರಲಿ ಅಂತ ಕಾಯುತ್ತೇವೆ. ನಿಮ್ಮ ಮಗನಲ್ಲಿ ನಿಮಗೆ ಇಷ್ಟವಾಗುವುದು ಏನಿದೆ? ಅಜ್ಜಿಗೆ ಔಷಧಿ ತಂದುಕೊಡುತ್ತಾನಾ, ತಂಗಿಗೆ ಲೆಕ್ಕ ಹೇಳಿಕೊಡುತ್ತಾನಾ? ಅದನ್ನು ಅವನಿಗೆ ಹೇಳಿ. ಪರೀಕ್ಷೆ ದೂರ ಇರುವಾಗಲೇ ಹೇಳಿ.

ಅವನು ನೀವು ನಡೆದ ದಾರಿಯನ್ನೇ ಹಿಡಿಯಬೇಕೆಂದೇನೂ ಇಲ್ಲ. ನಮ್ಮ ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆಯಲ್ಲ, ಅದು ಲಂಡನ್ ಮಿಷನ್‌ನ ಬೆಂಜಮಿನ್ ರೈಸ್ ಅವರ ನೆನಪಿನದು. ಅವರು ಈ ಊರಿನಲ್ಲಿ ದಶಕಗಟ್ಟಲೆ ಕನ್ನಡದಲ್ಲಿ ಬೋಧಿಸಿದವರು, ಶಾಲೆಗಳಿಗಾಗಿ ದುಡಿದವರು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅವರ ಮಗ ಪಾದ್ರಿಯಾಗಲಿಲ್ಲ. ಊರೂರು ತಿರುಗಿ ಸುಮಾರು 9,000 ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದರು. ಬಿ.ಎಲ್. ರೈಸ್ ಅಂದರೆ ಕನ್ನಡಿಗರು ಇವತ್ತಿಗೂ ಕೈಮುಗಿಯುತ್ತಾರೆ. ಅಪ್ಪನ ಪೀಠ ಅವರಿಗೆ ಬೇಡವಾಯಿತು, ಅಪ್ಪ ಪ್ರೀತಿಸಿದ ಭಾಷೆ ಬೇಕಾಯಿತು. ಮಕ್ಕಳು ನಮ್ಮಿಂದ ಏನನ್ನು ಎತ್ತಿಕೊಳ್ಳುತ್ತಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ.

ಒಂದು ಎಚ್ಚರಿಕೆ. ಅವನು ಊಟ, ನಿದ್ದೆ ಬಿಟ್ಟಿದ್ದರೆ, ಗೆಳೆಯರನ್ನೂ ದೂರ ಮಾಡಿದ್ದರೆ, ಬದುಕು ಬೇಡ ಅನ್ನುವ ಮಾತು ಬಂದಿದ್ದರೆ, ಅದನ್ನು ಆತ್ಮಿಕ ಸಮಸ್ಯೆ ಅಂತ ಪ್ರಾರ್ಥನೆಗೆ ಮಾತ್ರ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಿಮ್ಹಾನ್ಸ್ ಕೂಡ ಊರಲ್ಲೇ ಇದೆ. ವೈದ್ಯರ ಹತ್ತಿರ ಹೋದರೆ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ದೃಢೀಕರಣಕ್ಕೆ ಬಲವಂತ ಬೇಡವೇ ಬೇಡ. ಕೂಸಾಗಿದ್ದಾಗ ಅವನ ಪರವಾಗಿ ನೀವು ಮಾತು ಕೊಟ್ಟಿರಿ. ಈಗ ಅವನು ಬಿಷಪ್ಪರ ಮುಂದೆ ನಿಂತು ತನ್ನ ಬಾಯಿಂದ ತಾನೇ ಒಪ್ಪಿಕೊಳ್ಳಬೇಕು. ಒಪ್ಪದ ಮಗನ ಕೈಲಿ ದೇವರ ಮುಂದೆ ‘ಹೌದು’ ಅನ್ನಿಸಿದರೆ ಸುಳ್ಳು ಹೇಳಿಸಿದ ಹಾಗಾಗುತ್ತದೆ. ಲೂಕ 15ರಲ್ಲಿ, ಆಸ್ತಿಯ ಪಾಲು ತೆಗೆದುಕೊಂಡು ಮನೆ ಬಿಟ್ಟ ಮಗನ ಕಥೆಯಲ್ಲಿ, ಮಗ ಹೊರಟಾಗ ಅಪ್ಪ ಬಾಗಿಲು ಹಾಕಿ ಕೂಡಿಹಾಕಲಿಲ್ಲ. ಈ ವಾರವೇ ಸಭಾಪಾಲಕರ ಹತ್ತಿರ ಹೋಗಿ. ‘ಅಯ್ಯನವರೇ, ಈ ವರ್ಷ ಬೇಡ, ಅವನಾಗಿ ಕೇಳಿದಾಗ ಸೇರಿಸೋಣ’ ಅನ್ನಿ. ಅವನಿಗೆ ಸಭೆಯಲ್ಲಿ ಇಷ್ಟವಾದ ಒಬ್ಬ ಅಣ್ಣನೋ ಮಾವನೋ ಇದ್ದರೆ, ಕ್ರಿಕೆಟ್ ಆಡಲೋ ಕಾಫಿಗೋ ಅವನನ್ನು ಕರೆಯುವಂತೆ ಕೇಳಿಕೊಳ್ಳಿ. ಕ್ಲಾಸಿಗೆ ಹೆಸರು ಕೊಟ್ಟಿಲ್ಲ ಅಂತ ಮಗನಿಗೆ ನೀವೇ ಹೇಳಿ. ಹಿರಿಯರು ಏನಾದರೂ ಅಂದರೆ ಆ ಮಾತು ಅವನವರೆಗೆ ಹೋಗದ ಹಾಗೆ ನೀವು ನಡುವೆ ನಿಲ್ಲಿ.